ಲಿನಕ್ಸ್ ಪುಕ್ಕಟೆಯಲ್ಲ, ಆದರೂ ಹಾಕಿಸಿಕೊಳ್ಳಿ

ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲು ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಬೇಕೆಂದವರಿಗೆ ಇನ್ನೊಂದು ವರ್ಷ ಎಳೆದುಕೊಂಡು ಹೋಗಲು ದಾರಿ ಇಟ್ಟಿದ್ದಾರೆ, ಅಷ್ಟೆ. ವಿಂಡೋಸ್ 11 ಹಾಕೋಣ ಎಂದರೆ ಟಿಪಿಎಂ 2.0 ಎನ್ನುವ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಅಂದರೆ 2017ಕ್ಕಿಂತ ಹಿಂದಿನವು ಹೆಚ್ಚುಕಡಿಮೆ ಎಲ್ಲ ಲೆಕ್ಕದಿಂದ ಹೊರಗೆ. ತೀರ್ಥಹಳ್ಳಿಯ ನಮ್ಮ ಅಂಗಡಿಗೆ ಬರುವವರ ಮನೆಯಲ್ಲಿರುವುದು ಬಹುಪಾಲು ಅಂಥವೇ. ಮಕ್ಕಳು ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದದ್ದು, ಯಾವುದೋ ಆಫೀಸಿಗೆ ಹೊಸದು ಬಂದಾಗ ಕಾಲು ಬೆಲೆಗೆ ತಂದದ್ದು. ಕೀಬೋರ್ಡಿನ ಮೇಲಿನ ಅಕ್ಷರ ಅಳಿಸಿದೆ ಎನ್ನುವುದು ಬಿಟ್ಟರೆ ಅವಕ್ಕೆ ಎಂಥ ರೋಗವೂ ಇಲ್ಲ.

“ಇದನ್ನು ಗುಜರಿಗೆ ಹಾಕೋದಾ ಮೇಡಂ?” ಎಂದು ಕೇಳಿಕೊಂಡು ಬರುವವರಿಗೆ ಯೂಟ್ಯೂಬಿನಲ್ಲಿ ಯಾರೋ ಮೊದಲೇ ಉತ್ತರ ಕೊಟ್ಟಿರುತ್ತಾರೆ. ವಿಂಡೋಸ್ ತೆಗೆದು ಲಿನಕ್ಸ್ ಹಾಕಿ, ಪುಕ್ಕಟೆ, ವೈರಸ್ ಇಲ್ಲ, ಹಳೇ ಕಂಪ್ಯೂಟರ್ ಹೊಸದಾಗ್ತದೆ. ನಾನು ಲಿನಕ್ಸಿನಲ್ಲೇ ಅನ್ನ ದುಡಿಯುವವಳು. ಹಾಕಿಸಿಕೊಳ್ಳಿ ಎಂದೇ ನಾನೂ ಹೇಳುವುದು. ಆದರೆ ಪುಕ್ಕಟೆ ಎಂಬ ಒಂದೇ ಕಾರಣಕ್ಕೆ ಹಾಕಿಸಿಕೊಂಡವರು ಒಂದು ಮಳೆಗಾಲ ಕಳೆಯುವುದರೊಳಗೆ ಬೈದುಕೊಂಡು ವಾಪಸ್ ಹೋಗುವುದನ್ನು ನೋಡಿದ್ದೇನೆ. ತಂತ್ರಾಂಶಕ್ಕೆ ದುಡ್ಡಿಲ್ಲ, ನಿಜ. ಅದನ್ನು ನೋಡಿಕೊಳ್ಳುವುದಕ್ಕೆ ಖರ್ಚಿದೆ. ಹೊತ್ತು ಹೋಗುತ್ತದೆ, ತಲೆ ಓಡಿಸಬೇಕಾಗುತ್ತದೆ, ಕೆಲವು ಸಲ ದುಡ್ಡೂ ಬಿಚ್ಚಬೇಕಾಗುತ್ತದೆ. ಆದರೆ ಆ ಖರ್ಚು ನಮ್ಮೂರಲ್ಲೇ ಉಳಿಯುತ್ತದೆ, ಅದರಿಂದ ನಮ್ಮೂರ ಒಬ್ಬಿಬ್ಬರು ಕೆಲಸ ಕಲಿಯುತ್ತಾರೆ. ಪುಕ್ಕಟೆ ಎಂದು ಪ್ರಚಾರ ಮಾಡುವುದರ ಬದಲು ಇದನ್ನು ಹೇಳಬೇಕಿತ್ತು.

ನಮ್ಮದು ಮೊದಲು ಅಚ್ಚುಮೊಳೆಯ ಪ್ರೆಸ್. ಮಾವನವರು ಟ್ರೆಡಲ್ ಮಷಿನ್ನಿನಲ್ಲಿ ಮದುವೆ ಕಾಗದ, ಅಡಿಕೆ ಮಂಡಿಯ ಬಿಲ್ ಪುಸ್ತಕ ಹೊಡೆಯುತ್ತಿದ್ದರು. ಆಮೇಲೆ ಡಿಟಿಪಿ ಬಂತು. ಈಗ ಬೋರ್ಡಿನ ಮೇಲೆ ಜೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಎಂದಿದೆ. ಪಹಣಿ ತೆಗೆಯುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಕಾಲೇಜು ಮಕ್ಕಳ ಪ್ರಾಜೆಕ್ಟ್ ಬೈಂಡಿಂಗ್, ವರ್ಷಕ್ಕೊಂದೆರಡು ಸ್ಮರಣ ಸಂಚಿಕೆ. ಮೂರು ಕಂಪ್ಯೂಟರ್ ಇವೆ. ಎರಡರಲ್ಲಿ ಲಿನಕ್ಸ್ ಮಿಂಟ್, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಮೂರನೆಯದರಲ್ಲಿ ವಿಂಡೋಸ್ ಇದೆ, ಅದು ಯಾಕಿದೆ ಎಂದು ಮುಂದೆ ಹೇಳುತ್ತೇನೆ. ಮಿಂಟ್ ಇರುವ ಒಂದು ಡಬ್ಬಿ ನಾಲ್ಕನೇ ತಲೆಮಾರಿನ ಐ3. ಅದಕ್ಕೆ 8 ಜಿಬಿ ರ‍್ಯಾಮ್ ಇದೆ, ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದೇವೆ. ಹಳೇ ಕಂಪ್ಯೂಟರ್ ಚುರುಕಾಗುವುದರಲ್ಲಿ ಅರ್ಧ ಪುಣ್ಯ ಈ ಎಸ್‌ಎಸ್‌ಡಿಗೆ ಸೇರಬೇಕು. ಲಿನಕ್ಸ್ ಭಕ್ತರು ಅದನ್ನು ಮಾತ್ರ ಬಾಯಿ ಬಿಡುವುದಿಲ್ಲ.

ನಮ್ಮ ಅಂಗಡಿಗೆ ಲಿನಕ್ಸ್ ಬಂದದ್ದು ಯಾವ ಸಿದ್ಧಾಂತದಿಂದಲೂ ಅಲ್ಲ, ಗಿರಾಕಿಗಳ ಪೆನ್‌ಡ್ರೈವಿನಿಂದ. ಜೆರಾಕ್ಸ್ ಅಂಗಡಿ ನಡೆಸುವವರಿಗೆಲ್ಲ ಶಾರ್ಟ್‌ಕಟ್ ವೈರಸ್ ಗೊತ್ತು. ಪೆನ್‌ಡ್ರೈವ್ ಚುಚ್ಚಿದರೆ ಒಳಗಿನ ಫೋಲ್ಡರುಗಳೆಲ್ಲ ಇದ್ದ ಹಾಗೇ ಕಾಣುತ್ತವೆ, ಮೂಲೆಯಲ್ಲಿ ಸಣ್ಣ ಬಾಣದ ಗುರುತು ಮಾತ್ರ ಹೆಚ್ಚು. ಕ್ಲಿಕ್ ಮಾಡಿದರೆ ವೈರಸ್ ಕಂಪ್ಯೂಟರಿಗೂ ಹತ್ತಿತು, ಆಮೇಲೆ ಬರುವ ಎಲ್ಲರ ಪೆನ್‌ಡ್ರೈವಿಗೂ ಹತ್ತಿತು. ಊರಿಡೀ ಹಂಚುವವರು ನಾವೇ. ಅದೇ ಪೆನ್‌ಡ್ರೈವನ್ನು ಮಿಂಟ್‌ಗೆ ಚುಚ್ಚಿ ನೋಡಿ. ಫೋಲ್ಡರ್ ಎಂದು ವೇಷ ಹಾಕಿದ್ದೆಲ್ಲ ಒಂದೆರಡು ಕೆಬಿಯ ಚಿಲ್ಲರೆ ಫೈಲುಗಳಾಗಿ ಸಾಲಾಗಿ ಕಾಣುತ್ತವೆ. ಪಕ್ಕದಲ್ಲಿ ಹೆಸರೇ ಇಲ್ಲದ ಒಂದು ಫೋಲ್ಡರ್. ವಿಂಡೋಸ್‌ಗೆ ಅದನ್ನು ತೋರಿಸಬೇಡ ಎಂದು ವೈರಸ್ ಗುರುತು ಹಾಕಿಟ್ಟಿರುತ್ತದೆ, ಲಿನಕ್ಸ್ ಆ ಗುರುತನ್ನು ಲೆಕ್ಕಕ್ಕಿಡುವುದಿಲ್ಲ. ಆ ಹೆಸರಿಲ್ಲದ ಫೋಲ್ಡರಿನೊಳಗೆ ಗಿರಾಕಿಯ ಮಗಳ ಪ್ರಾಜೆಕ್ಟು, ಗೃಹಪ್ರವೇಶದ ಫೋಟೊ ಎಲ್ಲ ಒಂದೂ ಹಾಳಾಗದೆ ಕೂತಿರುತ್ತವೆ. ಹೊರಗೆ ತೆಗೆದಿಟ್ಟು, ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ವಾಪಸ್ ತುಂಬಿಕೊಟ್ಟರೆ ಆಯಿತು. “ಎಲ್ಲಾ ಹೋಯ್ತು ಅಂದ್ಕೊಂಡಿದ್ವಲ್ಲ ಮಾರಾಯ್ತಿ” ಎಂದವರೇ ಮುಂದೆ ನಮ್ಮ ಖಾಯಂ ಗಿರಾಕಿಗಳಾಗಿದ್ದಾರೆ.

ವೈರಸ್ಸೇ ಇಲ್ಲ ಎನ್ನುವ ಮಾತು ಮಾತ್ರ ತಪ್ಪು. ವಿಂಡೋಸ್‌ಗೆಂದು ಬರೆದದ್ದು ಇಲ್ಲಿ ಓಡುವುದಿಲ್ಲ, ಅಷ್ಟೆ. ಲಿನಕ್ಸ್‌ಗೆಂದೇ ಬರೆಯುವವರೂ ಇದ್ದಾರೆ, ಅದಕ್ಕೆ ಆಮೇಲೆ ಬರುತ್ತೇನೆ.

ನೋಡಿಕೊಳ್ಳುವ ಖರ್ಚು ಎಂದೆನಲ್ಲ, ಅದು ಹೇಗಿರುತ್ತದೆ ಎಂದು ಹೇಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಬಂದುಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ಯುಪಿಎಸ್ ಬ್ಯಾಟರಿ ಸೋತಿರುತ್ತದೆ, ಹೊಸದು ಹಾಕಿಸೋಣ ಎಂದು ಎಲ್ಲರೂ ಮುಂದಕ್ಕೆ ಹಾಕುತ್ತಲೇ ಇರುತ್ತಾರೆ. ಕಂಪ್ಯೂಟರ್ ಏನೋ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಡಿಸ್ಕಿನ ಲೆಕ್ಕಪುಸ್ತಕ ಅರ್ಧಕ್ಕೆ ನಿಲ್ಲುತ್ತದೆ. ಲಿನಕ್ಸಿನ ಮಾಮೂಲು ಕಡತ ವ್ಯವಸ್ಥೆಯಾದ ಎಕ್ಸ್‌ಟಿ4 ಮಾಡಬೇಕೆಂದಿರುವುದನ್ನು ಮೊದಲೇ ಒಂದು ಕಡೆ ಬರೆದಿಟ್ಟುಕೊಂಡಿರುತ್ತದೆ. ಹಾಗಾಗಿ ಹೆಚ್ಚಿನ ಸಲ ತಾನಾಗಿಯೇ ಹೊಂದಿಸಿಕೊಂಡು ಎದ್ದುಬಿಡುತ್ತದೆ. ಅಪರೂಪಕ್ಕೊಮ್ಮೆ ಏಳುವುದಿಲ್ಲ. ಬೆಳಿಗ್ಗೆ ಅಂಗಡಿ ತೆಗೆದು ಬಟನ್ ಒತ್ತಿದರೆ ಮಿಂಟಿನ ಹಸಿರು ಚಿಹ್ನೆಯ ಬದಲು ಕಪ್ಪು ಪರದೆ, ಬಿಳಿ ಅಕ್ಷರ, ಕೊನೆಯ ಸಾಲಿನಲ್ಲಿ ಆವರಣದೊಳಗೆ ಇನಿಟ್‌ರಾಮ್‌ಎಫ್‌ಎಸ್ ಎಂಬ ಶಬ್ದ, ಪಕ್ಕದಲ್ಲಿ ಮಿಣಮಿಣ ಎನ್ನುವ ಕರ್ಸರ್. ಯೂಟ್ಯೂಬ್ ನೋಡಿ ಹಾಕಿಸಿಕೊಂಡವರು ಲಿನಕ್ಸ್ ಬಿಡುವುದು ಈ ಪರದೆಯ ಎದುರಿಗೇ.

ಹೆದರದೆ ಎರಡು ಸಾಲು ಮೇಲೆ ಓದಬೇಕು. ಇಂಥ ವಿಭಾಗದಲ್ಲಿ ಲೆಕ್ಕ ತಾಳೆಯಾಗುತ್ತಿಲ್ಲ, ನಾನಾಗಿ ಸರಿಮಾಡಲು ಹೋಗುವುದಿಲ್ಲ, ನೀನೇ ಎಫ್‌ಎಸ್‌ಸಿಕೆ ಓಡಿಸು ಎಂದು ಅದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ, ವಿಭಾಗದ ಹೆಸರು ಸಮೇತ. ಎಫ್‌ಎಸ್‌ಸಿಕೆ ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಅದೇ ಹೆಸರು ಹೊಡೆದು ಎಂಟರ್ ಒತ್ತಿದರೆ ಒಂದೊಂದೇ ತಪ್ಪು ತೋರಿಸಿ ಸರಿಮಾಡಲಾ ಎಂದು ಕೇಳುತ್ತ ಹೋಗುತ್ತದೆ. ಪ್ರತಿ ಸಲವೂ ವೈ ಒತ್ತುವ ತಾಳ್ಮೆ ಇಲ್ಲದವರು ಮೊದಲೇ ಅಡ್ಡಗೆರೆ ಹಾಕಿ ವೈ ಎಂದು ಸೇರಿಸಿಬಿಡಬಹುದು, ಎಲ್ಲದಕ್ಕೂ ಹೂಂ ಎಂದ ಹಾಗೆ. ಪರದೆಯ ಮೇಲೆ ಸಾಲುಗಳು ಸರಸರ ಓಡಿ ನಿಲ್ಲುತ್ತವೆ. ಎಕ್ಸಿಟ್ ಎಂದು ಹೊಡೆದರೆ ಕಂಪ್ಯೂಟರ್ ಎದ್ದು ಕೂರುತ್ತದೆ. ಕಾಫಿ ಆರುವುದರೊಳಗೆ ಮುಗಿಯುವ ಕೆಲಸ. ಆದರೆ ಇದು ಪದೇ ಪದೇ ಬರಲು ಶುರುವಾದರೆ ಕರೆಂಟಿನ ಮೇಲೆ ತಪ್ಪು ಹೊರಿಸಿ ಸುಮ್ಮನಿರಬಾರದು. ಡಿಸ್ಕ್ ಸಾಯುತ್ತಿರಬಹುದು. ಡಿಸ್ಕ್ಸ್ ಎನ್ನುವ ಪ್ರೋಗ್ರಾಂ ತೆರೆದು ಅದರ ಆರೋಗ್ಯದ ಪಟ್ಟಿ ನೋಡಿ, ಫೈಲುಗಳನ್ನು ಮೊದಲು ಬೇರೆ ಕಡೆ ತೆಗೆದಿಡಬೇಕು.

ಲಿನಕ್ಸ್ ಮೇಲೆ ನನಗಿರುವ ಗೌರವ ಆ ಕಪ್ಪು ಪರದೆಯ ಕಾರಣಕ್ಕೇ. ನೋಡಲು ಚೆಂದವಿಲ್ಲ, ನಿಜ. ಆದರೆ ಏನಾಗಿದೆ, ಎಲ್ಲಿ ಆಗಿದೆ, ಮುಂದೇನು ಮಾಡಬೇಕು ಎಂದು ಹೇಳುತ್ತದೆ. ಏನೋ ತೊಂದರೆಯಾಗಿದೆ, ಸ್ವಲ್ಪ ತಾಳಿ ಎಂದು ನಯವಾಗಿ ಹೇಳಿ ಸುತ್ತುವ ಚುಕ್ಕಿ ತೋರಿಸುವ ಯಂತ್ರಗಳಿಂದ ಯಾರೂ ಏನನ್ನೂ ಕಲಿಯಲಾರರು. ನಮ್ಮ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ ಬಿ.ಕಾಂ. ಓದಿದವನು. ಕಂಪ್ಯೂಟರ್ ಎಂದರೆ ಟ್ಯಾಲಿ ಎಂದುಕೊಂಡು ಬಂದವನು ಈಗ ಎಫ್‌ಎಸ್‌ಸಿಕೆ ಓಡಿಸುತ್ತಾನೆ, ಬೇರೆಯವರ ಮನೆಗೆ ಹೋಗಿ ಓಡಿಸಿ ದುಡ್ಡೂ ಎಣಿಸಿಕೊಂಡು ಬರುತ್ತಾನೆ.

ಇನ್ನು ಅಪ್‌ಡೇಟ್. ಮಿಂಟಿನಲ್ಲಿ ಅದು ಯಾರನ್ನೂ ಬಲವಂತ ಮಾಡುವುದಿಲ್ಲ. ಕೆಳಗೆ ಮೂಲೆಯಲ್ಲಿ ಗುರಾಣಿಯಂಥ ಚಿತ್ರದ ಮೇಲೆ ಸಣ್ಣ ಚುಕ್ಕೆ ಬರುತ್ತದೆ, ನೀವು ಯಾವಾಗ ಹಾಕಿಕೊಳ್ಳುತ್ತೀರೋ ಆಗ. ಈ ಸ್ವಾತಂತ್ರ್ಯವೇ ಕೆಲವರಿಗೆ ಉರುಳು. ಹಾಕಿಕೊಳ್ಳದೆ ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ಇನ್ನು ಕೆಲವರು ಸ್ಕಾಲರ್‌ಶಿಪ್ ಅರ್ಜಿಯ ಕೊನೇ ದಿನ ಬಾಗಿಲಲ್ಲಿ ಸಾಲು ನಿಂತಿರುವಾಗಲೇ ಒತ್ತಿ ಕೂರುತ್ತಾರೆ. ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚು ಕೈಯಾಡಿಸುವ ಹಾಗೆ ಇದಕ್ಕೂ ಒಂದು ಹೊತ್ತು ಗೊತ್ತುಮಾಡಿಕೊಳ್ಳಬೇಕು. ನಮ್ಮಲ್ಲಿ ಶನಿವಾರ ಸಂಜೆ ಬಾಗಿಲು ಹಾಕುವ ಮುಂಚೆ. ಮೊದಲು ಟೈಮ್‌ಶಿಫ್ಟ್ ತೆರೆದು ವ್ಯವಸ್ಥೆ ಈಗಿರುವ ಸ್ಥಿತಿಯ ಒಂದು ಪ್ರತಿ ತೆಗೆದಿಡುವುದು, ಆಮೇಲೆ ಅಪ್‌ಡೇಟ್ ಒತ್ತುವುದು. ಏನಾದರೂ ಎಡವಟ್ಟಾದರೆ ಆ ಪ್ರತಿಯ ಸ್ಥಿತಿಗೆ ವಾಪಸ್ ಹೋಗಬಹುದು. ವ್ಯವಸ್ಥೆಯ ತಿರುಳಾದ ಕರ್ನೆಲ್ ಹೊಸದು ಬಂದಾಗ ಹಳೆಯದು ಹಾಗೇ ಉಳಿದಿರುತ್ತದೆ. ಹೊಸದರಲ್ಲಿ ವೈಫೈ ಹಿಡಿಯದಿದ್ದರೆ ಶುರುವಾಗುವಾಗ ಹಳೆಯದನ್ನೇ ಆರಿಸಿಕೊಂಡು ಸೋಮವಾರದ ಕೆಲಸ ನಡೆಸಬಹುದು. ಮಿಂಟ್ 22 ಎನ್ನುವುದು ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಅದಕ್ಕೆ ಸುರಕ್ಷತಾ ಅಪ್‌ಡೇಟ್ ಬರುತ್ತದೆ. ಅಂಗಡಿಗೆ ಇಂಥದ್ದೇ ಸಾಕು. ಆರು ತಿಂಗಳಿಗೊಮ್ಮೆ ಬದಲಾಗುವ ಹೊಸ ಹೊಸ ಆವೃತ್ತಿಗಳ ಶೋಕಿ ಕಾಲೇಜು ಹುಡುಗರಿಗೆ ಇರಲಿ.

ಪ್ರಿಂಟರ್ ಬಗ್ಗೆ ಬರೆಯಲು ಹೊರಟರೆ ಈ ಪುಟ ಸಾಲದು. ಲಿನಕ್ಸಿನಲ್ಲಿ ಮುದ್ರಣದ ಕೆಲಸವನ್ನೆಲ್ಲ ಕಪ್ಸ್ ಎಂಬ ವ್ಯವಸ್ಥೆ ನೋಡಿಕೊಳ್ಳುತ್ತದೆ. ಮೊಬೈಲಿನಿಂದ ನೇರ ಪ್ರಿಂಟ್ ತೆಗೆಯಬಹುದಾದ ಈಚಿನ ಪ್ರಿಂಟರುಗಳಿಗೆ ಇಲ್ಲಿ ಡ್ರೈವರೇ ಬೇಡ. ವೈಫೈಗೆ ಸೇರಿಸಿದರೆ ತಾನಾಗಿ ಪಟ್ಟಿಯಲ್ಲಿ ಬಂದು ಕೂರುತ್ತದೆ. ತಕರಾರು ಇರುವುದು ನಮ್ಮಂಥ ಅಂಗಡಿಗಳಲ್ಲಿ ಹತ್ತು-ಹದಿನೈದು ವರ್ಷದಿಂದ ಎತ್ತಿನ ಹಾಗೆ ದುಡಿಯುವ ಅಗ್ಗದ ಲೇಸರ್ ಪ್ರಿಂಟರುಗಳದ್ದು. ಅವುಗಳ ಒಳಗೆ ಬುದ್ಧಿ ಕಡಿಮೆ, ಪುಟ ಹೇಗೆ ಮೂಡಬೇಕೆಂದು ಲೆಕ್ಕ ಹಾಕುವುದೆಲ್ಲ ಕಂಪ್ಯೂಟರಿನ ಕೆಲಸ. ಆ ಲೆಕ್ಕದ ಭಾಷೆ ಕಂಪನಿಯ ಗುಟ್ಟು. ಕಂಪನಿ ಲಿನಕ್ಸಿಗೆ ಡ್ರೈವರ್ ಕೊಟ್ಟರೂ ಹಳೇ ಕಾಲದ್ದನ್ನು ಕೊಟ್ಟು ಮರೆತುಬಿಟ್ಟಿರುತ್ತದೆ. ನಮ್ಮಲ್ಲೊಂದು ಹಾಗಿತ್ತು. ಒಂದು ಪುಟ ಬರುತ್ತಿತ್ತು, ಎರಡನೆಯದಕ್ಕೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಬೇಕಿತ್ತು. ಕೊನೆಗೆ ಅದನ್ನು ವಿಂಡೋಸ್ ಡಬ್ಬಿಯ ಪಕ್ಕಕ್ಕೇ ಕೂರಿಸಿ, ಅಲ್ಲಿಂದ ನೆಟ್‌ವರ್ಕಿನಲ್ಲಿ ಹಂಚಿಕೊಂಡೆವು. ಸ್ಕ್ಯಾನರಿನದ್ದು ಇದಕ್ಕೆ ತಿರುಗಾಮುರುಗಾ. ಹೊಸ ವಿಂಡೋಸ್‌ಗೆ ಡ್ರೈವರ್ ಸಿಗುವುದಿಲ್ಲವೆಂದು ಯಾರೋ ಬಿಟ್ಟುಹೋದ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಮಿಂಟಿಗೆ ಚುಚ್ಚಿದ ಕೂಡಲೇ ಏನನ್ನೂ ಕೇಳದೆ ಓಡಿತು, ಈಗಲೂ ಓಡುತ್ತಿದೆ.

ಈಗ ಮೂರನೇ ಕಂಪ್ಯೂಟರಿನ ವಿಷಯ. ಅದರಲ್ಲಿರುವುದು ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್. ಅದರ ಕೊನೇ ಆವೃತ್ತಿ ಬಂದದ್ದು 2001ರಲ್ಲಿ. ಆದರೂ ನಾವು ಸ್ಮರಣ ಸಂಚಿಕೆ ಕಳಿಸುವ ಶಿವಮೊಗ್ಗದ ಆಫ್‌ಸೆಟ್ ಪ್ರೆಸ್‌ನವರಿಗೆ ಇಂದಿಗೂ ಪೇಜ್‌ಮೇಕರ್ ಫೈಲೇ ಬೇಕು, ಅದೂ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ. ಬಂದ ಲೇಖನಗಳಲ್ಲಿ ಅರ್ಧ ಯೂನಿಕೋಡಿನಲ್ಲಿರುತ್ತವೆ, ಯಾಕೆಂದರೆ ಜನ ಈಗ ಬರೆಯುವುದು ಮೊಬೈಲಿನಲ್ಲಿ. ಇನ್ನರ್ಧ ಹಳೇ ನುಡಿಯಲ್ಲಿರುತ್ತವೆ. ಒಂದನ್ನು ಇನ್ನೊಂದಕ್ಕೆ ತಿರುಗಿಸುವಾಗ ಒತ್ತಕ್ಷರಗಳು ಜಾಗ ಬಿಟ್ಟು ಓಡುತ್ತವೆ, ರ‍್ಯಾಂಕ್ ಬಂದ ಹುಡುಗಿಯ ಹೆಸರಿನ ಮೇಲೆ ಅರ್ಕಾವತ್ತು ಹತ್ತಿ ಕೂರುತ್ತದೆ. ಕರಡು ತಿದ್ದುವವರು ನನಗೆ ಬೈಯುತ್ತಾರೆ.

ಜನ ತಿಳಿದಂತೆ ಲಿನಕ್ಸಿನಲ್ಲಿ ಕನ್ನಡ ಬರುವುದಿಲ್ಲ ಎನ್ನುವುದು ಸುಳ್ಳು. ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಕಗಪ ವಿನ್ಯಾಸ ಇಲ್ಲೂ ಇದೆ. ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ಹುಡುಕಿ ಸೇರಿಸಿಕೊಂಡರೆ ಮುಗಿಯಿತು, ನಾನು ಈ ಲೇಖನ ಹೊಡೆಯುತ್ತಿರುವುದೂ ಅದರಲ್ಲೇ. ಗುಬ್ಬಿ, ನವಿಲು ಎಂಬ ಮುದ್ದಾದ ಎರಡು ಕನ್ನಡ ಫಾಂಟುಗಳು ಡೆಬಿಯನ್, ಉಬುಂಟುಗಳ ಭಂಡಾರದಲ್ಲೇ ಸಿಗುತ್ತವೆ. ಲಿಬ್ರೆಆಫೀಸ್‌ನಲ್ಲಿ ಅರ್ಜಿ, ಪತ್ರ, ಲೆಕ್ಕದ ಹಾಳೆ ಯಾವುದಕ್ಕೂ ತೊಂದರೆಯಿಲ್ಲ. ಮದುವೆ ಕಾಗದಕ್ಕೆ ಇಂಕ್‌ಸ್ಕೇಪ್ ಸಾಕು. 2024ರ ಜನವರಿಯಲ್ಲಿ ಬಂದ ಸ್ಕ್ರೈಬಸ್ 1.6ರಲ್ಲಿ ಕನ್ನಡದ ಒತ್ತುಗಳೂ ಸರಿಯಾಗಿ ಕೂರುತ್ತವೆ, ಪುಸ್ತಕವನ್ನೇ ಕಟ್ಟಬಹುದು. ಇವುಗಳಲ್ಲಿ ಅಕ್ಷರಕ್ಕೆ ಅಕ್ಷರ ಸೇರಿಸಿ ಒತ್ತು ಎಲ್ಲಿ ಬರಬೇಕು, ದೀರ್ಘ ಎಲ್ಲಿ ಕೂರಬೇಕು ಎಂದು ತೀರ್ಮಾನಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಓದಲು ಬರುತ್ತಿರುವುದೂ ಅದರಿಂದಲೇ. ಆಂಡ್ರಾಯ್ಡಿನ ತಳದಲ್ಲಿರುವುದೂ ಲಿನಕ್ಸ್ ಕರ್ನೆಲ್ಲೇ. ಲಿನಕ್ಸ್ ನಮಗೆಲ್ಲ ಯಾಕೆ ಎನ್ನುವವರು ಅದನ್ನೇ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ.

ಹಾಗಾಗಿ ಕನ್ನಡದ ವಿಷಯದಲ್ಲಿ ತಡೆ ಇರುವುದು ಲಿನಕ್ಸಿನಲ್ಲಲ್ಲ, ನಾವು ಬಿಡಲೊಲ್ಲದ ಹಳೇ ಫೈಲುಗಳಲ್ಲಿ. ಸರ್ಕಾರಿ ಕೆಲಸಗಳಲ್ಲೂ ಇದೇ ಕಥೆ. ಬ್ರೌಸರಿನಲ್ಲಿ ನಡೆಯುವ ಕೆಲಸಕ್ಕೆ ಏನೂ ತೊಂದರೆಯಿಲ್ಲ, ಪಹಣಿ ಬರುತ್ತದೆ, ಪ್ರಮಾಣಪತ್ರ ಬರುತ್ತದೆ. ಆದರೆ ಒಂದು ಇಲಾಖೆಯವರು ಮಾಹಿತಿ ತುಂಬಿ ಕಳಿಸಿ ಎಂದು ಕೊಟ್ಟ ಎಕ್ಸೆಲ್ ಹಾಳೆಯಲ್ಲಿ ಮ್ಯಾಕ್ರೊ ಎಂಬ ಸಣ್ಣ ಪ್ರೋಗ್ರಾಂ ಇಟ್ಟಿದ್ದರು. ಲಿಬ್ರೆಆಫೀಸ್‌ನಲ್ಲಿ ತೆರೆದರೆ ತಾಲ್ಲೂಕಿನ ಪಟ್ಟಿಯೇ ಬೀಳುವುದಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ, “ವಿಂಡೋಸ್‌ನಲ್ಲಿ ಮಾಡ್ಸಿ ಮೇಡಂ” ಎಂದು ಇಟ್ಟುಬಿಟ್ಟರು. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬೇಡುವ ಕೆಲವು ತಾಣಗಳದ್ದೂ ಇದೇ ಪಾಡು. ತೆರಿಗೆ ಕಟ್ಟುವ ನಾಗರಿಕ ಇಂಥ ಕಂಪನಿಯದ್ದೇ ತಂತ್ರಾಂಶ ಕೊಂಡಿರಬೇಕು ಎಂದು ಯಾವ ಕಾನೂನೂ ಹೇಳಿಲ್ಲ. ಬದಲಿಗೆ, ಆಡಳಿತದಲ್ಲಿ ಮುಕ್ತ ಮಾನಕಗಳನ್ನು ಬಳಸಬೇಕೆಂದು ಕೇಂದ್ರ ಸರ್ಕಾರವೇ 2010ರಲ್ಲಿ ನೀತಿ ತಂದಿದೆ. 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಇನ್ನೊಂದು ನೀತಿ ತಂದಿದೆ. ನೀತಿ ದೆಹಲಿಯಲ್ಲಿ ಮಲಗಿದೆ, ಮ್ಯಾಕ್ರೊ ಇಲ್ಲಿ ಕುಣಿಯುತ್ತಿದೆ.

ಜರ್ಮನಿಯ ಮ್ಯೂನಿಕ್ ನಗರದ ಕಥೆ ಇದಕ್ಕೆ ಹೊಂದುತ್ತದೆ. ಅಲ್ಲಿನ ನಗರಾಡಳಿತ 2003ರಲ್ಲಿ ಲಿನಕ್ಸಿಗೆ ಹೋಗಲು ತೀರ್ಮಾನಿಸಿ, ಹತ್ತು ವರ್ಷ ತಗೊಂಡು ಸುಮಾರು 15,000 ಕಂಪ್ಯೂಟರುಗಳನ್ನು ಬದಲಿಸಿತು. 2017ರಲ್ಲಿ ವಾಪಸ್ ವಿಂಡೋಸಿಗೆ ಹೋಗುವುದೆಂದು ತೀರ್ಮಾನಿಸಿತು. ರಾಜಕೀಯವೂ ಇತ್ತು ಎನ್ನಿ. ಆದರೆ ನೌಕರರ ದೂರುಗಳಲ್ಲಿ ಹೊರಗಿನ ಕಚೇರಿಗಳಿಂದ ಬರುವ ಫೈಲು ಸರಿಯಾಗಿ ತೆರೆಯುವುದಿಲ್ಲ ಎನ್ನುವುದೂ ಇತ್ತು. ಲಿನಕ್ಸ್ ಸೋತಿತು ಎಂದು ಆಗ ಬರೆದವರು ಅದೇ ಜರ್ಮನಿಯ ಶ್ಲೆಸ್ವಿಗ್-ಹೋಲ್ಸ್ಟೈನ್ ರಾಜ್ಯ 2024ರಲ್ಲಿ 30,000 ಕಂಪ್ಯೂಟರುಗಳನ್ನು ಮೊದಲು ಲಿಬ್ರೆಆಫೀಸಿಗೆ, ಆಮೇಲೆ ಲಿನಕ್ಸಿಗೆ ಒಯ್ಯುತ್ತೇವೆ ಎಂದದ್ದನ್ನೂ ಬರೆಯಬೇಕು. ಮೊದಲು ಫೈಲಿನ ರೂಪ, ಆಮೇಲೆ ಯಂತ್ರ. ನನಗೆ ಈ ಕ್ರಮ ಸರಿ ಕಾಣುತ್ತದೆ. ನಮ್ಮ ಇಲಾಖೆಗಳೂ ಮೊದಲು ಮ್ಯಾಕ್ರೊ ಹಾಳೆಗಳನ್ನು ಬಿಡಲಿ.

ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ, 2017ರಿಂದ ಅದರ ಹೆಸರು ಕೈಟ್, ಶಾಲೆಗಳಿಗೆಂದೇ ಲಿನಕ್ಸಿನ ಒಂದು ಆವೃತ್ತಿ ಸಿದ್ಧಮಾಡಿ ಕೊಡುತ್ತದೆ. ಅಲ್ಲಿಯವರು ಲೈಸೆನ್ಸ್ ಹಣ ಎಷ್ಟು ಉಳಿಯಿತೆಂದು ಹೇಳಿಕೊಳ್ಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಮೇಷ್ಟ್ರುಗಳಲ್ಲೇ ತರಬೇತುದಾರರನ್ನು ಬೆಳೆಸಿದ್ದು, ಲಿಟಲ್ ಕೈಟ್ಸ್ ಎಂಬ ಮಕ್ಕಳ ಕೂಟ ಕಟ್ಟಿ ಲ್ಯಾಬಿನ ಯಂತ್ರಗಳ ಪರಿಚಯವನ್ನು ಹೈಸ್ಕೂಲ್ ಮಕ್ಕಳಿಗೇ ಮಾಡಿಸಿದ್ದು. ಕರ್ನಾಟಕದಲ್ಲೂ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮದಲ್ಲಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು, ಗಣಿತದ ಚಿತ್ರ ಬಿಡಿಸುವ ಜಿಯೋಜೀಬ್ರಾ ಹೇಳಿಕೊಟ್ಟದ್ದುಂಟು. ಅದನ್ನು ಕಲಿತು ಬಂದ ಗಣಿತದ ಮೇಷ್ಟ್ರೊಬ್ಬರು ಈಗಲೂ ನಮ್ಮಲ್ಲಿಗೆ ಪ್ರಶ್ನೆಪತ್ರಿಕೆ ತರುತ್ತಾರೆ, ಚಿತ್ರಗಳು ಅಚ್ಚುಕಟ್ಟಾಗಿರುತ್ತವೆ. ಅವರ ಶಾಲೆಯ ಲ್ಯಾಬಿಗೆ ಮಾತ್ರ ಬೀಗ ಬಿದ್ದಿದೆ. ಕಂಪ್ಯೂಟರ್ ಕೊಳ್ಳಲು ಒಂದು ಕಡತ, ಕೆಟ್ಟಾಗ ನೋಡಲು ಯಾರೂ ಇಲ್ಲ. ಇದು ಲಿನಕ್ಸ್-ವಿಂಡೋಸ್ ಪ್ರಶ್ನೆಯೇ ಅಲ್ಲ.

ಕೆಟ್ಟಾಗ ನೋಡುವವರು ಯಾರು ಎಂಬ ಪ್ರಶ್ನೆ ಲಿನಕ್ಸಿನ ಮೇಲ್ಮಟ್ಟದಲ್ಲೂ ಇದೆ. 2024ರ ಮಾರ್ಚ್ ಕೊನೆಯಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದಲ್ಲಿ ಕಳ್ಳಬಾಗಿಲು ಸಿಕ್ಕಿತು. ಫೈಲುಗಳನ್ನು ಕುಗ್ಗಿಸುವ ಇದು ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಸಂಬಳವಿಲ್ಲದ ಒಬ್ಬರೇ, ದಣಿದಿದ್ದರು. ಸಹಾಯ ಮಾಡುವವನ ವೇಷದಲ್ಲಿ ಬಂದವನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ ಕಳ್ಳಬಾಗಿಲು ಇಟ್ಟ. ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರ್ ದೂರದ ಕಂಪ್ಯೂಟರಿಗೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿರುವುದು ಯಾಕೆಂದು ತಲೆಕೆಟ್ಟು ಹುಡುಕಿದ್ದರಿಂದ ಅದು ಹೊರಗೆ ಬಿತ್ತು. ಅವರು ಕೆಲಸಕ್ಕಿದ್ದದ್ದು ಮೈಕ್ರೋಸಾಫ್ಟಿನಲ್ಲಿ ಎನ್ನುವುದು ತಮಾಷೆ. ಹೆಚ್ಚಿನವರ ಕಂಪ್ಯೂಟರಿಗೆ ಆ ಆವೃತ್ತಿ ಬರುವುದರೊಳಗೇ ತಡೆದರು. ನಾನು ಶನಿವಾರ ಸಂಜೆ ಅಪ್‌ಡೇಟ್ ಒತ್ತುವಾಗ ಇಂಥ ಕಣ್ಣುಗಳನ್ನು ನಂಬಿ ಒತ್ತುತ್ತೇನೆ. ತಂತ್ರಾಂಶದ ಮೂಲ ಬರಹ ಬಯಲಲ್ಲಿದ್ದುದರಿಂದ ಆ ಇಂಜಿನಿಯರಿಗೆ ಬುಡದವರೆಗೆ ಹೋಗಿ ನೋಡಲು ಆಯಿತು. ಆದರೆ ಅಷ್ಟೊಂದು ಜನ ಬಳಸುವ ವಸ್ತುವನ್ನು ಒಬ್ಬನ ಬಿಡುವಿನ ಹೊತ್ತಿಗೆ ಬಿಟ್ಟದ್ದು ಪುಕ್ಕಟೆ ಎಂಬ ಭ್ರಮೆಯ ಫಲವೇ.

ಹಾಗಾಗಿ ಶಾಲೆಗೋ ಪಂಚಾಯಿತಿಯ ಅರಿವು ಕೇಂದ್ರಕ್ಕೋ ಲಿನಕ್ಸ್ ಹಾಕಿಸಿ ಎಂದು ಸಲಹೆ ಕೊಡುವವರು ಲೈಸೆನ್ಸಿನ ದುಡ್ಡು ಉಳಿಯುತ್ತದೆ ಎಂದು ಹೇಳಿ ನಿಲ್ಲಿಸಬಾರದು. ಉಳಿದ ದುಡ್ಡಿನಲ್ಲಿ ಅರ್ಧವನ್ನಾದರೂ ಆ ತಾಲ್ಲೂಕಿನ ಒಬ್ಬರಿಗೆ ತಿಂಗಳ ಸಂಬಳವಾಗಿ ಕೊಡಿ ಎನ್ನಬೇಕು. ಐಟಿಐಗಳಲ್ಲಿ ಕೋಪಾ ಎಂಬ ಕಂಪ್ಯೂಟರ್ ಕೋರ್ಸ್ ಇದೆ, ಲಿನಕ್ಸಿನ ಮೊದಲ ಪಾಠ ಅದರಲ್ಲೇ ಇದೆ. ಮುಗಿಸಿ ಬಂದವರು ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್‌ಗಾರ್ಡ್ ಅಂಟಿಸುತ್ತಿದ್ದಾರೆ. ಒಂದು ತಾಲ್ಲೂಕಿನ ಶಾಲೆಗಳನ್ನು ವಾರಕ್ಕೆ ಒಂದೆರಡರಂತೆ ಸುತ್ತಿಕೊಂಡು ಬರಲು ಬೈಕು, ಎರಡು ಪೆನ್‌ಡ್ರೈವ್, ಒಂದು ಸ್ಕ್ರೂಡ್ರೈವರ್ ಸಾಕು. ವಾರ್ಷಿಕ ನಿರ್ವಹಣೆಯ ಗುತ್ತಿಗೆ ಹಿಡಿದ ದೂರದೂರಿನ ಕಂಪನಿಗೆ ಫೋನ್ ಮಾಡಿ ಟಿಕೆಟ್ ನಂಬರ್ ಬರೆದುಕೊಂಡು ಕೂರುವುದಕ್ಕಿಂತ ಇದು ಮೇಲು.

ನಮ್ಮ ಅಂಗಡಿಯಲ್ಲಿ ಮಿಂಟ್ ಹಾಕಿಕೊಡಲು 500 ರೂಪಾಯಿ. ಪುಕ್ಕಟೆ ಅಲ್ವಾ ಎಂದು ಕೇಳದವರು ಕಡಿಮೆ. ತಂತ್ರಾಂಶ ಪುಕ್ಕಟೆಯೇ, ನೀವೇ ಇಳಿಸಿಕೊಂಡು ಹಾಕಿಕೊಳ್ಳಬಹುದು, ಬೇಕಾದರೆ ಪೆನ್‌ಡ್ರೈವಿಗೆ ತುಂಬಿಯೂ ಕೊಡುತ್ತೇನೆ ಎನ್ನುತ್ತೇನೆ. ಆ ಕಪ್ಪು ಪರದೆ ಬಂದ ದಿನ ಫೋನ್ ಎತ್ತುವುದಕ್ಕೆ ಈ ದುಡ್ಡು. ಕೆಲವರು ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ತಾವೇ ಹಾಕಿಕೊಂಡದ್ದೂ ಇದೆ. ಅವರಲ್ಲೊಬ್ಬ ಪಿಯುಸಿ ಹುಡುಗ ನನಗೇ ಗೊತ್ತಿಲ್ಲದ್ದನ್ನು ಹೇಳಿಕೊಟ್ಟು ಹೋಗುತ್ತಾನೆ.

ಎಲ್ಲರಿಗೂ ಹಾಕಿಕೊಡುವುದಿಲ್ಲ. ಟ್ಯಾಲಿಯಲ್ಲೇ ದಿನವಿಡೀ ಕೂರುವ ಲೆಕ್ಕಿಗರಿಗೆ, ಕೋರೆಲ್‌ಡ್ರಾದಲ್ಲಿ ಫ್ಲೆಕ್ಸ್ ಮಾಡುವವರಿಗೆ, ಡಿಜಿಟಲ್ ಸಹಿ ಇಲ್ಲದೆ ದಿನ ಸಾಗದ ಗುತ್ತಿಗೆದಾರರಿಗೆ ಬೇಡ ಎಂದೇ ಹೇಳುತ್ತೇನೆ. ಮನೆಯಲ್ಲಿ ಬ್ರೌಸರ್ ನೋಡುವವರು, ಪತ್ರ ಬರೆಯುವವರು, ಓದುವ ಮಕ್ಕಳಿರುವವರು, ಸಣ್ಣ ಸಂಘಸಂಸ್ಥೆಯವರು ಬರಲಿ. ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ತೋರಿಸುತ್ತೇವೆ, ಒಳಗಿನ ಡಿಸ್ಕ್ ಮುಟ್ಟುವುದಿಲ್ಲ. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ ಎಂದು ಅಲ್ಲೇ ಗೊತ್ತಾಗುತ್ತದೆ. ಫೋಟೊ, ದಾಖಲೆ ಎಲ್ಲ ಬೇರೆ ಡ್ರೈವಿಗೆ ತೆಗೆದಿಟ್ಟುಕೊಂಡು ಬನ್ನಿ. ಪ್ರಿಂಟರ್ ಇದ್ದರೆ ಅದರ ಹಿಂದೆ ಅಂಟಿಸಿರುವ ಮಾಡೆಲ್ ನಂಬರಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಬನ್ನಿ. ಅದನ್ನು ನೋಡದೆ ನಾನು ಹೂಂ ಎನ್ನುವುದಿಲ್ಲ.